ಕಾಂಕ್ರೀಟಿನ ಕೆಳಗಿನ ನೀರು

ನಮ್ಮ ಬಡಾವಣೆಯ ಹಳೆಯ ಅಗ್ನಿಶಾಮಕ ಠಾಣೆಯ ಬಗ್ಗೆ ನಾನೊಂದು ಲೇಖನ ಬರೆಯಬೇಕಿತ್ತು. ಕನ್ನಡ ಸಂಘದವರು ವರ್ಷಕ್ಕೊಂದು ಸಂಚಿಕೆ ತರುತ್ತಾರೆ. ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಸಿಕಂದರಾಬಾದಿನ ಜೂನಿಯರ್ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವವಳು ಎಂಬ ಕಾರಣಕ್ಕೆ ಊರಿನ ಯಾವುದಾದರೂ ಹಳೆಯ ಜಾಗದ ಮೇಲೆ ನಾಲ್ಕು ಪುಟ ಬರೆಯುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಆ ಲೇಖನ ಅರ್ಧಕ್ಕೆ ನಿಂತಿದೆ. ಮುಂದುವರಿಸಲು ಕೂತಾಗಲೆಲ್ಲ ಕೈ ಬೇರೆಯದನ್ನೇ ಬರೆಯುತ್ತದೆ. ಹಾಗಾಗಿ ಮೊದಲು ಇದನ್ನೇ ಬರೆದು ಮುಗಿಸುತ್ತೇನೆ.

ಸನತ್‌ನಗರದ ಕಾರ್ಖಾನೆ ಶೆಡ್ಡುಗಳು ಮುಗಿದು ಬೇಗಂಪೇಟೆಯ ಗಾಜಿನ ಕಟ್ಟಡಗಳು ಶುರುವಾಗುವ ಮೊದಲು ಸಿಗುವ ಗಲ್ಲಿಗಳಲ್ಲಿ ನಮ್ಮದೂ ಒಂದು. ಒಂದು ಕಾರು ನಿಂತಿದ್ದರೆ ಇನ್ನೊಂದು ಕನ್ನಡಿ ಮಡಚಿಕೊಂಡು ದಾಟಬೇಕು. ಗಲ್ಲಿಯ ಈಚೆ ನಮ್ಮ ಅಪಾರ್ಟ್‌ಮೆಂಟು. ಎದುರಿಗೆ ಒಂದು ಹಳೆಯ ಕಟ್ಟಡ. ಕೆಳಗೆ ಸೋಫಾ ರಿಪೇರಿ ಅಂಗಡಿ, ಮೊದಲ ಮಹಡಿಯಲ್ಲಿ ಆ ಅಂಗಡಿಯವರದೇ ಗೋದಾಮು, ಎರಡನೇ ಮಹಡಿಯಲ್ಲಿ ಒಂದು ಸಂಸಾರ. ಅದರ ಪಕ್ಕದ ಸಣ್ಣ ಮನೆಯಲ್ಲಿ ಕಾಕಾ ಇರುತ್ತಾರೆ. ಸಂಬಂಧದಲ್ಲಿ ಕಾಕಾ ಅಲ್ಲ. ರಾಯಚೂರು ಕಡೆಯವರು, ನಾನು ಗದಗ ಕಡೆಯವಳು. ಪರವೂರಿನಲ್ಲಿ ಅಷ್ಟು ಸಾಕಾಗುತ್ತದೆ. ಫೈರ್‌ಮನ್ ಆಗಿ ಸೇರಿ, ಲೀಡಿಂಗ್ ಫೈರ್‌ಮನ್ ಆಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದಾರೆ. ಮಗಳು ರಾಯಚೂರಿನಲ್ಲಿ.

ಲೇಖನಕ್ಕೆ ಬೇಕಾದದ್ದನ್ನೆಲ್ಲ ಕಾಕಾ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಅವರ ತಂದೆಯೂ ಅದೇ ಠಾಣೆಯಲ್ಲಿ ಇದ್ದವರು, ನಿಜಾಮರ ಕಾಲದ ಕೊನೆಯಲ್ಲಿ ಸೇರಿದ್ದರು. ಆಗ ಬೋರ್ಡು ಉರ್ದುವಿನಲ್ಲಿತ್ತು. ಕಾಕಾ ಸೇರುವ ಹೊತ್ತಿಗೆ ತೆಲುಗು, ಇಂಗ್ಲಿಷು ಬಂದಿದ್ದವು. ರಾಜ್ಯ ಬೇರೆಯಾದ ಮೇಲೆ ಗಾಡಿಗಳ ಬಾಗಿಲ ಮೇಲಿನ ಹೆಸರನ್ನು ಅಳಿಸಿ ತೆಲಂಗಾಣ ಎಂದು ಬರೆದರು.

"ಹೆಸರು ಬದಲಿ ಆತು, ಬಣ್ಣ ಅದ ಉಳೀತು ನೋಡು. ಕೆಂಪು," ಎನ್ನುತ್ತಿದ್ದರು ಕಾಕಾ. "ಅಪ್ಪನ ಕಾಲಕ್ಕ ಮಂದಿ ಈ ಗಾಡಿಗೆ ಬಂಬ್ ಅಂತಿದ್ರು. ಬಂಬ್ ಬಂತು ಅಂದ್ರ ಬೆಂಕಿ ನೋಡೋದು ಬಿಟ್ಟು ಬಂಬ್ ನೋಡಾಕ ನಿಂದರೋರು. ಈಗೂ ಹಂಗ ಅದಾರ. ಕೈಯಾಗ ಫೋನ್ ಬಂದೈತಿ ಅಷ್ಟ."

ಠಾಣೆ ಎಂದರೆ ಹೆಂಚಿನ ಒಂದು ಶೆಡ್ಡು, ಎರಡು ಗಾಡಿ, ಒಂದು ಹಿತ್ತಾಳೆ ಗಂಟೆ, ಪಕ್ಕದಲ್ಲಿ ಪೈಪು ಒಣಗಿಸುವ ಎತ್ತರದ ಗೋಪುರ. ಆಗ ಕ್ಯಾನ್ವಾಸ್ ಪೈಪುಗಳು. ಒದ್ದೆಯಿರುವಾಗಲೇ ಸುತ್ತಿಟ್ಟರೆ ಕೊಳೆಯುತ್ತವೆ. ಆದ್ದರಿಂದ ಬೆಂಕಿ ಆರಿಸಿ ಬಂದ ಮೇಲೆ ಅವನ್ನು ಹಗ್ಗದಿಂದ ಗೋಪುರದ ತುದಿಗೆ ಎಳೆದು ತೂಗುಬಿಡುತ್ತಿದ್ದರು. ಬೆಳಿಗ್ಗೆ ಹಾಲಿಗೆ ಹೋಗುವವರು ಗೋಪುರದ ಕಡೆ ನೋಡಿ, ರಾತ್ರಿ ಎಲ್ಲೋ ಬೆಂಕಿ ಬಿದ್ದಿದೆ ಎಂದು ತಿಳಿದುಕೊಳ್ಳುತ್ತಿದ್ದರಂತೆ. ತೂಗುವ ಪೈಪುಗಳನ್ನು ಎಣಿಸಿ, ಸಣ್ಣ ಬೆಂಕಿಯೋ ದೊಡ್ಡದೋ ಎಂದೂ ಹೇಳುತ್ತಿದ್ದರಂತೆ. ಈ ವಾಕ್ಯ ಲೇಖನದಲ್ಲಿ ಚೆನ್ನಾಗಿರುತ್ತದೆ ಎಂದು ನಾನು ಅದರ ಕೆಳಗೆ ಗೆರೆ ಎಳೆದಿದ್ದೆ.

ಅವರಿಗೆ ಹೇಳಬೇಕಿದ್ದದ್ದು ಮಾತ್ರ ನೀರಿನ ಬಗ್ಗೆ. ಗಾಡಿಯ ಟ್ಯಾಂಕಿನಲ್ಲಿರುವ ನೀರು ಕೆಲವೇ ನಿಮಿಷಗಳಿಗೆ ಬರುತ್ತದೆ. ಅದು ಮುಗಿಯುವ ಮೊದಲು ಹತ್ತಿರದಲ್ಲಿ ಬೇರೆ ನೀರು ಹುಡುಕಬೇಕು. ಅದಕ್ಕೆಂದೇ ಊರಿನ ಕುಡಿಯುವ ನೀರಿನ ಕೊಳವೆಗಳಿಗೆ ಅಲ್ಲಲ್ಲಿ ಹೈಡ್ರೆಂಟುಗಳನ್ನು ಇಟ್ಟಿದ್ದರು. ನೆಲದೊಳಗೆ ಒಂದು ಗುಂಡಿ, ಮೇಲೆ ಕಬ್ಬಿಣದ ಮುಚ್ಚಳ. ಮುಚ್ಚಳ ಎತ್ತಿ, ಪೈಪು ಕೂಡಿಸಿ, ಉದ್ದನೆಯ ಚಾವಿಯಿಂದ ತಿರುಗಿಸಿದರೆ ನೀರು. ಹಳೆಯ ಠಾಣೆಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಸೋಮವಾರ ಬೆಳಿಗ್ಗೆ ಹಾಜರಿ ಮುಗಿದ ಮೇಲೆ ಇಬ್ಬಿಬ್ಬರಂತೆ ಗಲ್ಲಿಗಳಿಗೆ ಹೊರಡುವುದು. ಪ್ರತಿಯೊಂದು ಮುಚ್ಚಳವನ್ನೂ ಎತ್ತಿ, ಕಸ ತೆಗೆದು, ಒಂದು ಕ್ಷಣ ನೀರು ಬಿಟ್ಟು ನೋಡಿ, ಗ್ರೀಸ್ ಹಚ್ಚಿ, ಬಂದು ಪುಸ್ತಕದಲ್ಲಿ ಬರೆಯುವುದು. ಪುಸ್ತಕದಲ್ಲಿ ವಿಳಾಸಗಳಿರಲಿಲ್ಲ, ಹೆಜ್ಜೆಗಳಿದ್ದವು. ಬೇವಿನ ಮರದಿಂದ ಹನ್ನೆರಡು ಹೆಜ್ಜೆ ಬಲಕ್ಕೆ. ಇರಾನಿ ಹೋಟೆಲಿನ ಕಟ್ಟೆಯಿಂದ ನಾಲ್ಕು. ಬೇವಿನ ಮರ ಹೋಯಿತು, ಹೋಟೆಲೂ ಹೋಯಿತು. ಕಾಕಾ ನಿವೃತ್ತರಾಗುವ ಹೊತ್ತಿಗೆ ಠಾಣೆಯೇ ಫ್ಲೈಓವರಿನ ಆಚೆ ದೊಡ್ಡ ಜಾಗಕ್ಕೆ ಹೋಗಿತ್ತು. ಶೆಡ್ಡು, ಗೋಪುರ ಒಡೆದರು. ಪುಸ್ತಕ ಏನಾಯಿತೋ ಯಾರಿಗೂ ಗೊತ್ತಿಲ್ಲ. ಸೋಮವಾರದ ಸುತ್ತಾಟ ಅದಕ್ಕೂ ಮೊದಲೇ ನಿಂತಿತ್ತು. ಆಳುಗಳು ಕಡಿಮೆ, ಕರೆಗಳು ಹೆಚ್ಚು.

ಕಾಕಾ ಒಬ್ಬರು ನಿಲ್ಲಿಸಲಿಲ್ಲ. ಊರಿನ ಎಲ್ಲ ಗಲ್ಲಿಗೂ ಹೋಗಲು ಕಾಲಲ್ಲಿ ಶಕ್ತಿ ಇರಲಿಲ್ಲ. ನಮ್ಮ ಗಲ್ಲಿಯ ಒಂದೇ ಒಂದು ಮುಚ್ಚಳ ಅವರಿಗೆ ಉಳಿದಿತ್ತು. ಅದು ನಮ್ಮ ಗೇಟಿನ ಪಕ್ಕದಲ್ಲೇ ಇತ್ತು. ಸೋಮವಾರ ನಾನು ಕಾಲೇಜಿಗೆ ಹೊರಡುವಾಗ ಅವರು ಲುಂಗಿ ಎತ್ತಿ ಕಟ್ಟಿಕೊಂಡು, ಕುಕ್ಕರುಗಾಲಲ್ಲಿ ಕೂತು, ಗುಂಡಿಯಿಂದ ಗುಟ್ಕಾ ಚೀಟಿ, ಹಾಲಿನ ಪಾಕೀಟು ತೆಗೆಯುತ್ತಿರುತ್ತಿದ್ದರು. ನಮ್ಮ ಅಪಾರ್ಟ್‌ಮೆಂಟಿನವರಿಗೆ ಅದು ವಯಸ್ಸಾದವರ ಒಂದು ಹುಚ್ಚು.

"ಕಾಕಾ, ಈ ಸಲ ಏನ್ ಸಿಕ್ತು? ಬಂಗಾರ?" ಎಂದು ಎದುರಿನ ಕಿಟಕಿಯಿಂದ ಕೂಗುತ್ತಿದ್ದವಳು ಹೊಲಿಗೆಯವಳು, ನಾವೆಲ್ಲ ಟೇಲರ್ ತಂಗಿ ಎನ್ನುತ್ತಿದ್ದೆವು.

"ನಿನ್ನ ಬಾಯಿಗೆ ಹಾಕೋ ಬೀಗ ಹುಡುಕಾಕತ್ತೀನಿ. ಸಿಗವಲ್ದು," ಎನ್ನುತ್ತಿದ್ದರು ಕಾಕಾ.

ಎದುರು ಕಟ್ಟಡದ ಎರಡನೇ ಮಹಡಿಯ ಸಂಸಾರ ಅವಳದು. ಗಂಡನಿಗೆ ಸನತ್‌ನಗರದ ಫ್ಯಾಕ್ಟರಿಯಲ್ಲಿ ಕೆಲಸ. ಅತ್ತೆಗೆ ಲಕ್ವಾ ಹೊಡೆದು ಎಡಗಡೆ ಪೂರ್ತಿ ಹೋಗಿತ್ತು, ಮಂಚ ಬಿಟ್ಟು ಏಳುತ್ತಿರಲಿಲ್ಲ. ಅತ್ತೆಯನ್ನು ಬಿಟ್ಟು ಹೊರಗೆ ದುಡಿಯಲು ಹೋಗಲಾಗದೆ ಮನೆಯಲ್ಲೇ ಮಷೀನು ಹಾಕಿಕೊಂಡು ಗಲ್ಲಿಯ ಹೆಂಗಸರ ಜಂಪರು ಹೊಲಿಯುತ್ತಿದ್ದಳು. ನನ್ನ ಅಳತೆ ತೆಗೆಯುವಾಗ ಟೇಪನ್ನು ಎರಡು ಸಲ ನೋಡಿ, "ಅಕ್ಕಾರ, ಹೋದ ವರ್ಷದ ಅಳತಿ ಈ ವರ್ಷ ನಡೆಯಂಗಿಲ್ಲ. ಆಮ್ಯಾಲೆ ಟೇಲರ್ ಕೆಡಿಸಿದ್ಲು ಅನಬ್ಯಾಡ್ರಿ," ಎನ್ನುತ್ತಿದ್ದಳು. ಒಳಗಿನ ಕೋಣೆಯಿಂದ ಅತ್ತೆ ಬಾಯಿ ಸೊಟ್ಟ ಮಾಡಿಕೊಂಡೇ ನಗುತ್ತಿದ್ದರು.

ಇನ್ನು ಮುಚ್ಚಳದ ವಿಷಯ.

ಆ ವರ್ಷ ನಾನು ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ. ಮೂರನೇ ಮಹಡಿಯ ಅಜ್ಜಿ ದೇವಸ್ಥಾನದಿಂದ ಬರುವಾಗ ಅದೇ ಮುಚ್ಚಳಕ್ಕೆ ಎಡವಿ ಮುಂಗೈ ಮುರಿದುಕೊಂಡರು. ರಸ್ತೆಗಿಂತ ಅದು ಎರಡು ಬೆರಳು ಎತ್ತರಕ್ಕೆ ನಿಂತಿತ್ತು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಅದೇ ಮಾತು: ಸೆಕ್ರೆಟರಿ ಏನು ಮಾಡುತ್ತಿದ್ದಾರೆ. ಅದೇ ವಾರ ಗಲ್ಲಿಗೆ ಹೊಸ ಕಾಂಕ್ರೀಟು ಹಾಕುತ್ತಿದ್ದರು. ನಮ್ಮ ಗೇಟಿನ ಹತ್ತಿರ ಬಂದಾಗ ಮೇಸ್ತ್ರಿ ಮುಚ್ಚಳಕ್ಕೆ ಕಾಲಿನಿಂದ ತಟ್ಟಿ, ಇದನ್ನು ಎತ್ತರಿಸಿ ಬಿಡಬೇಕಾ, ಮುಚ್ಚಿಬಿಡಬೇಕಾ ಎಂದು ಹಿಂದಿಯಲ್ಲಿ ಕೇಳಿದ. ಎತ್ತರಿಸಿದರೆ ಸುತ್ತ ಕಟ್ಟೆ ಕಟ್ಟಬೇಕು, ಒಂದು ದಿನ ಹೆಚ್ಚು ಹಿಡಿಯುತ್ತದೆ, ಅಷ್ಟು ದಿನ ಯಾರ ಕಾರೂ ಹೊರಗೆ ಬರುವಂತಿಲ್ಲ ಎಂದ. ಕಾಕಾ ಆಗ ರಾಯಚೂರಿನಲ್ಲಿದ್ದರು, ಮೊಮ್ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೋಗಿದ್ದರು.

ನನಗೆ ಆ ಮುಚ್ಚಳದ ಕೆಳಗೆ ಏನಿದೆ ಎಂದು ಗೊತ್ತಿತ್ತು. ಈ ಗಲ್ಲಿಯಲ್ಲಿ ಕಾಕಾನ ನಂತರ ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ನನ್ನ ನೋಟುಬುಕ್ಕಿನಲ್ಲಿ ಅದರ ಚಿತ್ರ ಕೂಡ ಬರೆದುಕೊಂಡಿದ್ದೆ. ಆದರೆ ನಾನು ಅದನ್ನು ಹಳೆಯ ಕಾಲದ ಒಂದು ವಸ್ತು ಎಂದುಕೊಂಡಿದ್ದೆ. ಗಂಟೆ, ಗೋಪುರ, ಉರ್ದು ಬೋರ್ಡುಗಳ ಸಾಲಿನಲ್ಲಿ ಅದನ್ನೂ ಇಟ್ಟಿದ್ದೆ. ಬರೆದುಕೊಂಡಾಯಿತಲ್ಲ, ಇನ್ನು ಅದು ಇದ್ದರೂ ಒಂದೇ ಹೋದರೂ ಒಂದೇ ಎಂಬ ಭಾವನೆ ಇತ್ತು. ಇತಿಹಾಸ ಓದಿದವರು ಮಾಡುವ ತಪ್ಪು ಅದು.

"ಬಂದ್ ಕರ್ ದೋ," ಎಂದೆ. ಮುಚ್ಚಿಬಿಡು.

ನಾಲ್ಕು ದಿನ ಬಿಟ್ಟು ಕಾಕಾ ಬಂದರು. ಗಟ್ಟಿಯಾಗಲೆಂದು ಕೆಲಸದವರು ಹೊಸ ಕಾಂಕ್ರೀಟಿನ ಮೇಲೆ ಮಣ್ಣಿನ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿದ್ದರು. ಚೀಲ ಹಿಡಿದುಕೊಂಡೇ ಕಾಕಾ ಆ ನೀರಿನ ಅಂಚಿನಲ್ಲಿ ನಿಂತಿದ್ದರು. ನಾನು ಬಾಲ್ಕನಿಯಲ್ಲಿದ್ದೆ. ಒಳಗೆ ಹೋಗಿಬಿಡಬಹುದಿತ್ತು. ಕೆಳಗೆ ಇಳಿದೆ.

"ತಂಗಿ, ಇದನ್ನ ಯಾರ್ ಮಾಡಿದ್ರು?"

"ನಾ ಕಾಲೇಜಿಗೆ ಹೋಗಿದ್ದೆ ಕಾಕಾ. ಕಾಂಟ್ರಾಕ್ಟರ್ ಮಂದಿ ಮುಚ್ಚಿ ಹೋಗ್ಯಾರ."

"ಹೌದಾ," ಎಂದು ಹೇಳಿ ಚೀಲ ಹಿಡಿದುಕೊಂಡು ಮನೆಯ ಕಡೆ ಹೋದರು. ಮುಂದಿನ ಸೋಮವಾರ ಅವರು ಹೊರಗೆ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ನನಗೆ ನಿರಾಳವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆಗಿದ್ದು ಹಾಗೆ.

ಬೆಂಕಿ ಬಿದ್ದದ್ದು ಬೇಸಿಗೆಯಲ್ಲಿ, ಮಧ್ಯಾಹ್ನ ಮೂರೂವರೆಗೆ. ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಎದುರು ಕಟ್ಟಡದ ಮೆಟ್ಟಿಲ ಕೆಳಗೆ ಕರೆಂಟು ಮೀಟರುಗಳಿದ್ದವು, ಅವುಗಳ ಪಕ್ಕದಲ್ಲೇ ಸ್ಕೂಟರುಗಳು. ಒಂದು ಬ್ಯಾಟರಿ ಸ್ಕೂಟರು ಅಲ್ಲೇ ಚಾರ್ಜಿಗೆ ಇರುತ್ತಿತ್ತು. ಮೊದಲು ಏನೋ ಪಟ್ ಎಂದಿತು, ಮತ್ತೊಮ್ಮೆ ಎಂದಿತು. ಬಾಲ್ಕನಿಗೆ ಬರುವಷ್ಟರಲ್ಲಿ ಮೆಟ್ಟಿಲ ಬಾಗಿಲಿನಿಂದ ಕಪ್ಪು ಹೊಗೆ ಸುರುಳಿ ಸುರುಳಿಯಾಗಿ ಬರುತ್ತಿತ್ತು. ಅಂಗಡಿಯವರು ಹೊರಗೆ ಓಡಿ ಬಂದಿದ್ದರು. ಗೋದಾಮಿನ ತುಂಬ ಫೋಮು.

ನಾನು ಇಳಿದು ಓಡಿದೆ. ಎದುರಿನ ಬಾಗಿಲು ಹೊಕ್ಕು, ಸೆರಗು ಮೂಗಿಗೆ ಹಿಡಿದು, ನಾಲ್ಕು ಮೆಟ್ಟಿಲು ಹತ್ತಿದೆ. ಐದನೆಯದು ಕಾಣಲಿಲ್ಲ. ಪಕ್ಕದ ಗೋಡೆ ಮುಟ್ಟಿದಾಗ ಅಂಗೈ ಚುರುಗುಟ್ಟಿತು. ಕೆಳಗೆ ಇನ್ನೊಂದು ಸ್ಕೂಟರು ಸಿಡಿಯಿತು. ನಾನು ತಿರುಗಿ ಓಡಿ ಬಂದೆ. ಈಗಲೂ ಕಣ್ಣು ಮುಚ್ಚಿದರೆ ಆ ನಾಲ್ಕು ಮೆಟ್ಟಿಲು ಬರುತ್ತವೆ. ಕೆಲವೊಮ್ಮೆ ಐದನೆಯದನ್ನೂ ಹತ್ತುತ್ತೇನೆ. ಆರನೆಯದರ ಮೇಲೆ ಎಚ್ಚರವಾಗುತ್ತದೆ.

ಅವಳು ಕಿಟಕಿಗೆ ಬಂದಿದ್ದಳು. ಕಳ್ಳರ ಭಯಕ್ಕೆ ಹಾಕಿಸಿದ ಕಬ್ಬಿಣದ ಗ್ರಿಲ್ಲು. ಬೆರಳು ಬಿಟ್ಟು ಬೇರೇನೂ ಹೊರಗೆ ಬರುವಂತಿರಲಿಲ್ಲ. ಅತ್ತೆಯ ಮಂಚವನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು ಬಂದಿದ್ದಳು ಎಂದು ಆಮೇಲೆ ತಿಳಿಯಿತು.

"ಅಕ್ಕಾರ, ಫೋನ್ ಮಾಡೀರೇನ್ರಿ?"

"ಮಾಡ್ಯಾರ. ಬರಾಕತ್ತಾರ. ನೀ ಬಾಗಲದ ಬುಡಕ ತೊಯ್ದ ಬಟ್ಟಿ ತುರುಕು."

"ತುರುಕೀನ್ರಿ. ಅತ್ತಿ ಹೆದರ್ಯಾರ, ಅಳಾಕತ್ತಾರ. ನೀವೇನರ ಮಾತಾಡ್ರಿ, ಅವರಿಗೆ ನಿಮ್ಮ ದನಿ ಕೇಳ್ಲಿ."

ನಾನು ಏನು ಮಾತಾಡಿದೆನೋ ನೆನಪಿಲ್ಲ. ಬಂದರು, ಬಂದರು ಎಂದಷ್ಟೇ ಹೇಳುತ್ತಿದ್ದೆ ಅನ್ನಿಸುತ್ತದೆ.

ಗಾಡಿ ಬಂತು. ತಡವಾಗಿ ಬಂತು ಎಂದು ಜನ ಆಮೇಲೆ ಹೇಳಿದರು, ನಾನು ಹಾಗೆ ಹೇಳಲಾರೆ. ಗಲ್ಲಿಯ ಬಾಯಲ್ಲಿದ್ದ ಎರಡು ಕಾರುಗಳನ್ನು ನಮ್ಮವರೇ ಎತ್ತಿ ಪಕ್ಕಕ್ಕೆ ಸರಿಸಿದರು. ಐದಾರು ಜನ ಫೈರ್‌ಮನ್‌ಗಳು, ಎಲ್ಲರೂ ನನ್ನ ವಿದ್ಯಾರ್ಥಿಗಳಿಗಿಂತ ಸ್ವಲ್ಪ ದೊಡ್ಡವರು. ಅವರು ಒಂದು ಕ್ಷಣವೂ ಸುಮ್ಮನೆ ನಿಲ್ಲಲಿಲ್ಲ. ಮೆಟ್ಟಿಲ ದಾರಿ ಆಗದು ಎಂದು ನೋಡಿದ ಕೂಡಲೇ ತಂತಿಗಳ ನಡುವೆ ಹೇಗೋ ಏಣಿ ಹಾಕಿದರು. ಏಣಿ ಗೋದಾಮಿನ ಕಿಟಕಿಯ ಪಕ್ಕದಲ್ಲೇ ಹಾದು ಹೋಗಬೇಕು, ಆ ಕಿಟಕಿಯಿಂದ ಉರಿ ಹೊರಗೆ ಚಾಚುತ್ತಿತ್ತು. ಒಬ್ಬ ಕಟರ್ ಹಿಡಿದು ಮೇಲೆ ಹತ್ತಿದ. ಕೆಳಗಿನಿಂದ ಇಬ್ಬರು ಆ ಕಿಟಕಿಯ ಮೇಲೆ ನೀರು ಹೊಡೆಯುತ್ತ ಉರಿಯನ್ನು ಒಳಕ್ಕೆ ತಳ್ಳಿ ಹಿಡಿದರು. ಗ್ರಿಲ್ಲಿನ ಒಂದು ಸರಳು ತುಂಡಾಯಿತು. ಎರಡನೆಯದು ತುಂಡಾಯಿತು. ಅವಳ ಮುಂಗೈ ಹೊರಗೆ ಬಂದದ್ದನ್ನು ನೋಡಿದೆ.

ಆಗ ನೀರು ನಿಂತಿತು.

ಪೈಪು ಮೆತ್ತಗಾಗಿ ರಸ್ತೆಗೆ ಬಿತ್ತು. ಗೋದಾಮಿನ ಕಿಟಕಿಯಿಂದ ಉರಿ ಮತ್ತೆ ಹೊರಗೆ ಬಂದು ಏಣಿಯನ್ನು ಮುಟ್ಟಿತು. ಮೇಲಿದ್ದವನು ತಡೆದುಕೊಳ್ಳಲು ನೋಡಿದ. ಕೆಳಗಿದ್ದವರು ತೆಲುಗಿನಲ್ಲಿ ಇಳಿ, ಇಳಿ ಎಂದು ಕೂಗಿದರು. ಇಳಿದ. ಎರಡನೇ ಗಾಡಿ ಮುಖ್ಯರಸ್ತೆಯ ಟ್ರಾಫಿಕ್ಕಿನಲ್ಲಿತ್ತು. ಅದರ ಸೈರನ್ನು ನಮಗೆಲ್ಲ ಕೇಳುತ್ತಿತ್ತು.

ಕಾಕಾ ಎಲ್ಲಿಂದ ಬಂದರೋ ನನಗೆ ಕಾಣಲಿಲ್ಲ. ಬನಿಯನ್ನು, ಲುಂಗಿ, ಕೈಯಲ್ಲಿ ಹಾರೆ. ನಮ್ಮ ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು, ಮೂರು ಹೆಜ್ಜೆ ಎಣಿಸಿ, ಹೊಡೆಯತೊಡಗಿದರು. ಕಾಂಕ್ರೀಟಿನ ಮೇಲೆ ಹಾರೆ ಬಿದ್ದು ಪುಟಿಯಿತು. ಮತ್ತೆ ಹೊಡೆದರು, ಮತ್ತೆ ಪುಟಿಯಿತು.

"ಇಲ್ಲೈತಿ. ನೀರು ಇಲ್ಲೈತಿ," ಎನ್ನುತ್ತಿದ್ದರು. ಕನ್ನಡದಲ್ಲಿ ಹೇಳಿದರು, ತೆಲುಗಿನಲ್ಲಿ ಹೇಳಿದರು, ಹಿಂದಿಯಲ್ಲಿ ಹೇಳಿದರು. ಒಬ್ಬ ಫೈರ್‌ಮನ್ ಅವರ ರಟ್ಟೆ ಹಿಡಿದು, ಮುದುಕನಿಗೆ ಗಾಬರಿಯಾಗಿದೆ, ಯಾರಾದರೂ ಕರೆದುಕೊಂಡು ಹೋಗಿ ಎಂದ. ಕಾಕಾ ಅವನಿಗೆ ತಮ್ಮ ಹುದ್ದೆ ಹೇಳಿದರು, ಠಾಣೆ ಹೇಳಿದರು. ಆ ತಂಡದ ಹಿರಿಯ ತಿರುಗಿ ನೋಡಿದ. ಅವನಿಗೆ ಅರ್ಥವಾಯಿತು. ಗಾಡಿಯಿಂದ ಸುತ್ತಿಗೆ ತರಿಸಿದ. ಇಬ್ಬರು ಸೇರಿ ಹೊಡೆದರು. ಹೊಸ ಕಾಂಕ್ರೀಟು, ಗೇಣು ದಪ್ಪ. ತಟ್ಟೆಯಷ್ಟು ಅಗಲ ಚಕ್ಕೆ ಎದ್ದಿತು, ಕೆಳಗೆ ಮತ್ತೆ ಕಾಂಕ್ರೀಟು.

ನಾನು ಅವರಿಂದ ಎರಡು ಮಾರು ದೂರದಲ್ಲಿದ್ದೆ. ಮೇಲಿನಿಂದ ಒಂದು ಸಲ "ಅಕ್ಕಾರ" ಎಂದು ಕೇಳಿಸಿತು. ಆಮೇಲೆ ಕೆಮ್ಮು. ಆಮೇಲೆ ಮುಂಗೈ ಒಳಗೆ ಹೋಯಿತು.

ಎರಡನೇ ಗಾಡಿ ಬಂದು, ನೀರು ಹೊಡೆದು, ಗ್ರಿಲ್ಲು ಕತ್ತರಿಸಿ ಇಬ್ಬರನ್ನೂ ಇಳಿಸಿದರು. ಮೈ ಸುಟ್ಟಿರಲಿಲ್ಲ. ಹೊಗೆ, ಅಷ್ಟೇ. ಅವಳ ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಆಸ್ಪತ್ರೆಗೆ ಒಯ್ದರು. ಇಬ್ಬರೂ ಉಳಿದಿಲ್ಲ ಎಂದು ಅಲ್ಲಿ ಹೇಳಬೇಕಾದದ್ದು ನಮಗೆಲ್ಲ ಗಲ್ಲಿಯಲ್ಲೇ ಗೊತ್ತಾಗಿತ್ತು.

ಗಂಡ ಫ್ಯಾಕ್ಟರಿಯ ಸಮವಸ್ತ್ರದಲ್ಲೇ ಬಂದಿದ್ದ. ಎರಡು ದಿನಗಳ ನಂತರ ಕಾಕಾನ ಮನೆಯ ಕಟ್ಟೆಯ ಮೇಲೆ ಕೂತು ಒಂದೇ ಮಾತು ಕೇಳುತ್ತಿದ್ದ.

"ನೀರು ಯಾಕ ನಿಂತು ಕಾಕಾ? ಎಲ್ಲಾರೂ ಅಂತಾರ, ಸರಳು ಕೊಯ್ದಿದ್ರಂತ. ಕೈ ಹೊರಗ ಬಂದಿತ್ತಂತ."

"ಗಾಡ್ಯಾಗ ನೀರು ಅಷ್ಟ ಇರತೈತಪ್ಪ," ಎಂದರು ಕಾಕಾ.

ನಾನು ಚಹದ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವನು ನನ್ನನ್ನೂ ಕೇಳುತ್ತಾನೆ ಎಂದು ಕಾಯುತ್ತಿದ್ದೆ. ಕೇಳಲಿಲ್ಲ. ತಿಂಗಳು ತುಂಬುವ ಮೊದಲೇ ಅವನು ಊರಿಗೆ ಹೊರಟುಹೋದ.

ಅವನು ಹೋದ ಮೇಲೆ ನಾನೇ ಕಾಕಾನನ್ನು ಕೇಳಿದೆ. ನಿದ್ದೆ ಬಿಟ್ಟು ಎಷ್ಟೋ ದಿನಗಳಾಗಿದ್ದವು. ತರಗತಿಯಲ್ಲಿ ಯಾರಾದರೂ ಡೆಸ್ಕು ಎಳೆದರೆ ಹಾರೆಯ ಸದ್ದು ಕೇಳುತ್ತಿತ್ತು.

"ಕಾಕಾ, ಅದರಾಗ ನೀರು ಇತ್ತೇನು? ಖರೇ ಹೇಳ್ರಿ."

ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಸುಣ್ಣ ಹಚ್ಚಿ, ಎಲೆ ಮಡಚಿ, ಬಾಯಿಗೆ ಇಟ್ಟುಕೊಂಡು ಹೇಳಿದರು.

"ಇಲ್ಲ ಬಿಡವ್ವ. ಆ ಲೈನು ಬಂದ್ ಆಗಿ ಭಾಳ ವರ್ಷ ಆತು. ನಾ ಸುಮ್ನ ಚಟಕ್ಕ ಕಸ ತೆಗೀತಿದ್ದೆ. ಅವತ್ತ ಕೈ ಕಾಲು ನಿಂದರಲಿಲ್ಲ, ಹೊಡದೆ. ಒಡದಿದ್ರೂ ಒಣ ಗುಂಡಿ."

ಅಂದು ರಾತ್ರಿ ನಾನು ಮಲಗಿದೆ. ಕೆಲವು ತಿಂಗಳು ಹಾಗೇ ನಡೆಯಿತು. ಒಣ ಗುಂಡಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವಳು ಹೇಗಿದ್ದರೂ ಉಳಿಯುತ್ತಿರಲಿಲ್ಲ ಎನ್ನುವುದು ನನಗೆ ಸಮಾಧಾನವಾಗಿತ್ತು. ಮನುಷ್ಯರಿಗೆ ಎಂಥೆಂಥದು ಸಮಾಧಾನವಾಗುತ್ತದೆ.

ದೀಪಾವಳಿ ಕಳೆದ ಮೇಲೆ ಇಂಟರ್ನೆಟ್ ಕೇಬಲ್ಲಿನವರು ಗಲ್ಲಿ ಅಗೆಯಲು ಬಂದರು. ಯಂತ್ರದಿಂದ ಕಾಂಕ್ರೀಟು ಸೀಳುತ್ತ ನಮ್ಮ ಗೇಟಿನ ಹತ್ತಿರಕ್ಕೆ ಬಂದಾಗ ಕಬ್ಬಿಣಕ್ಕೆ ಏನೋ ತಗುಲಿದ ಸದ್ದಾಯಿತು, ಕೂಡಲೇ ನೀರು ಚಿಮ್ಮಿತು. ಸಣ್ಣದಾಗಿ ಅಲ್ಲ, ನಮ್ಮ ಮೊದಲ ಮಹಡಿಯ ಬಾಲ್ಕನಿಯ ತನಕ. ಶುದ್ಧವಾದ ಕುಡಿಯುವ ನೀರು. ಅಪಾರ್ಟ್‌ಮೆಂಟಿನ ಹೆಂಗಸರು ಬಕೆಟ್ಟು, ಡ್ರಮ್ಮು ತಂದು ತುಂಬಿಕೊಂಡರು. ಒಬ್ಬರು ಕಾರು ತೊಳೆದರು. ಮಕ್ಕಳು ಸಂಜೆಯ ತನಕ ನೆನೆದರು. ಗಲ್ಲಿಯ ತುಂಬ ನಗು. ಎದುರು ಕಟ್ಟಡದ ಕಪ್ಪು ಗೋಡೆಯ ಮೇಲೆ ನೀರು ಬಿದ್ದು ಮಸಿ ಗೆರೆಗೆರೆಯಾಗಿ ಇಳಿಯುತ್ತಿತ್ತು. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಸದ್ದು ಕೇಳುತ್ತಲೇ ಇತ್ತು.

ಕಾಕಾ ಹೊರಗೆ ಬಂದಿರಲಿಲ್ಲ. ನೀರಿನ ಇಲಾಖೆಯವನು ಬಂದು ಎಲ್ಲೋ ವಾಲ್ವು ತಿರುಗಿಸಿ ನಿಲ್ಲಿಸಿದ ಮೇಲೆ ನಾನೇ ಅವರ ಮನೆಗೆ ಹೋದೆ. ಅವರು ಕತ್ತಲಲ್ಲಿ ಕೂತಿರಲಿಲ್ಲ, ಅಳುತ್ತಿರಲಿಲ್ಲ. ಸಾರಿಗೆ ಬೇಳೆ ತೊಳೆಯುತ್ತಿದ್ದರು.

"ನೀರಿಲ್ಲ ಅಂದ್ರಿ," ಎಂದೆ.

"ಅಂದೆ."

"ಅದನ್ನ ಮುಚ್ಚಿಸಿದಾಕಿ ನಾನು ಕಾಕಾ. ಕಾಂಟ್ರಾಕ್ಟರ್ ಅಲ್ಲ."

"ಗೊತ್ತೈತಿ."

"ಯಾವಾಗಿಂದ?"

"ಊರಿಂದ ಬಂದ ದಿನಾನ. ಮೇಸ್ತ್ರಿ ಮಂದಿ ಇನ್ನೂ ಗಲ್ಲಿ ತುದ್ಯಾಗ ಇದ್ರು. ಕೇಳಿದೆ. ಸೆಕ್ರೆಟರಿ ಮೇಡಂ ಹೇಳಿದ್ರು ಅಂದ್ರು." ಬೇಳೆಯ ನೀರನ್ನು ಬಸಿದು ಪಾತ್ರೆ ಕೆಳಗಿಟ್ಟರು. "ಆಗ ಇನ್ನೂ ಹಸಿ ಇತ್ತು. ಹಾರಿ ತಗೊಂಡು ಒಂದು ತಾಸು ಹೊಡದಿದ್ರ ತಗೀಬಹುದಿತ್ತು. ಹೊಸ ರೋಡು ಕೆಡಿಸಿದ ಅಂತ ಮಂದಿ ಬಯ್ತಾರ ಅಂದ್ಕೊಂಡೆ. ನಿನ್ನ ಮಾತು ಸುಳ್ಳು ಮಾಡಿದಂಗ ಆಕ್ಕತಿ ಅಂತ ಬ್ಯಾರೆ ಅನಿಸ್ತು. ಸುಮ್ನಾದೆ."

ಅವರು ಒಲೆ ಹಚ್ಚಿ ಬೇಳೆಯ ಪಾತ್ರೆ ಇಟ್ಟರು.

"ನೀರು ಸಿಕ್ಕಿದ್ರ ಉಳೀತಿದ್ಲೇನು?"

ನಾನು ಕೇಳಬಾರದಿತ್ತು. ಆದರೆ ಅವರು ಈ ಸಲ ಅದನ್ನು ತಮ್ಮ ಕೆಲಸದ ಪ್ರಶ್ನೆಯಂತೆ ಯೋಚಿಸಿದರು. ಮನಸ್ಸಿನಲ್ಲೇ ಸರಳುಗಳನ್ನು ಎಣಿಸಿದ್ದು ನನಗೆ ಕಂಡಿತು.

"ಇನ್ನ ಮೂರು ಸರಳು ಇತ್ತು," ಎಂದರು. "ಆಕಿ ಬರ್ತಿದ್ಲು. ಮುದುಕಿ ಬರ್ತಿರಲಿಲ್ಲ. ಮುದುಕಿನ್ನ ಬಿಟ್ಟು ಆಕಿ ಬರ್ತಿದ್ಲೋ ಇಲ್ಲೋ, ಅದು ನನಗ ಗೊತ್ತಿಲ್ಲವ್ವ."

ಮಾರನೆಯ ವಾರ ಅಗೆದ ಜಾಗಕ್ಕೆ ಮತ್ತೆ ಕಾಂಕ್ರೀಟು ಹಾಕಲು ಬಂದರು. ನಾನು ರಜೆ ಹಾಕಿ ಕೆಳಗೆ ನಿಂತಿದ್ದೆ. ಮುಚ್ಚಳವನ್ನು ಎತ್ತರಿಸಿ ಬಿಡಿ ಎಂದೆ. ಹುಡುಕಿದರೆ ಮುಚ್ಚಳವೇ ಇರಲಿಲ್ಲ, ಯಂತ್ರಕ್ಕೆ ಸಿಕ್ಕಿ ಎರಡು ತುಂಡಾಗಿತ್ತು. ಕೊಳವೆಯ ಬಾಯಿಗೆ ಮರದ ಗೂಟ ಬಡಿದು ಮೇಲೆ ಕಬ್ಬಿಣದ ಬಿರಡೆ ಬಿಗಿದಿದ್ದರು. ತಮ್ಮ ಕಾಗದದಲ್ಲಿ ಅಲ್ಲಿ ಏನೂ ಇಲ್ಲ ಎಂದು ಸೂಪರ್‌ವೈಸರ್ ಮೊಬೈಲಿನಲ್ಲಿ ನಕ್ಷೆ ತೋರಿಸಿದ. ಆ ನಕ್ಷೆಯಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಈಗಿನ ಸೆಕ್ರೆಟರಿ ಗೇಟಿನಿಂದಲೇ, "ಮೇಡಂ, ನಿಮ್ಮ ಕಾಲದಲ್ಲೇ ಮುಚ್ಚಿಸಿದ್ದಲ್ವಾ? ಅಜ್ಜಿ ಕೈ ಮುರಿದಿದ್ದು ಮರೆತು ಹೋಯ್ತಾ?" ಎಂದರು. ಅವರು ಮೈಸೂರಿನವರು, ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಹೊಸ ಠಾಣೆಗೆ ಹೋಗಿ ಅರ್ಜಿ ಕೊಟ್ಟೆ. ಅಲ್ಲಿನ ಅಧಿಕಾರಿ ಕುರ್ಚಿ ಕೊಟ್ಟು ಕೂಡಿಸಿದರು, ಪೂರ್ತಿ ಓದಿದರು, ಕೊಳವೆ ತಮ್ಮದಲ್ಲ, ನೀರಿನವರದು ಎಂದರು. ನೀರಿನವರು ರಸ್ತೆಯವರನ್ನು ಕೇಳಿ ಎಂದರು. ಅವರಿಗೂ ಕೊಟ್ಟೆ. ಮೂರು ಕಡೆಯ ಮೊಹರು ಬಿದ್ದ ಅರ್ಜಿಯ ಪ್ರತಿಗಳು ನನ್ನ ಹತ್ತಿರ ಇವೆ.

ಎದುರಿನ ಕಟ್ಟಡಕ್ಕೆ ಬಣ್ಣ ಬಳಿದಾಯಿತು. ಎರಡನೇ ಮಹಡಿಗೆ ಹೊಸಬರು ಬಂದಿದ್ದಾರೆ, ಐಟಿ ಕೆಲಸದ ಗಂಡ ಹೆಂಡತಿ, ಉಡುಪಿಯವರು. ಕಿಟಕಿಗೆ ಹೊಸ ಗ್ರಿಲ್ಲು. ಮೆಟ್ಟಿಲ ಕೆಳಗೆ ಮತ್ತೆ ಸ್ಕೂಟರುಗಳು. ಬೆಳಿಗ್ಗೆ ಆ ಹುಡುಗಿ ನನ್ನ ಜೊತೆ ಶೇರ್ ಆಟೋಗೆ ನಿಲ್ಲುತ್ತಾಳೆ. ಒಂದು ದಿನ ಹೇಳಿದೆ: ನಮ್ಮ ಗೇಟಿನ ಕಂಬದಿಂದ ಮೂರು ಹೆಜ್ಜೆ, ಕಾಂಕ್ರೀಟಿನ ಕೆಳಗೆ ನೀರಿದೆ, ನೆನಪಿಟ್ಟುಕೋ. ಅವಳು ಸೌಜನ್ಯದಿಂದ ತಲೆಯಾಡಿಸಿ, "ಹೌದಾ ಆಂಟಿ," ಎಂದು ಆಟೋ ಬರುವ ದಿಕ್ಕಿಗೆ ನೋಡಿದಳು.